ಬಿಳಿಅಕ್ಕಿಪಳ್ಳಿಯ ಗುಡಿಸಲು ಶಿವಾಜಿನಗರದ ಬೆಸಿಲಿಕಾ ಆಗಿದ್ದು ಹೆಂಗೆ?

2025ರ ಸೆಪ್ಟೆಂಬರ್ 8ಕ್ಕೆ ಬೆಂಗಳೂರಿನ ಶಿವಾಜಿನಗರದ ಸೇಂಟ್ ಮೇರಿಸ್ ಬೆಸಿಲಿಕಾ ಅನ್ನೋ ಚರ್ಚಿನ ಹಬ್ಬಕ್ಕೆ ಬಂದಿದ್ದ ಮುಖ್ಯಮಂತ್ರಿ ಸಿದ್ದರಾಮಯ್ಯನವರು, ಅಲ್ಲೇ ಹತ್ತಿರದ ಪಿಂಕ್ ಲೈನ್ ಮೆಟ್ರೋ ಸ್ಟೇಷನ್ನಿಗೆ ಸೇಂಟ್ ಮೇರಿ ಹೆಸರಿಡೋಕೆ ಕೇಂದ್ರಕ್ಕೆ ಶಿಫಾರಸು ಮಾಡ್ತೀವಿ ಅಂದ್ರು. ಅಷ್ಟೇ ಸಾಕಾಯ್ತು. ಬೇಕು ಅನ್ನೋರು, ಬೇಡ ಅನ್ನೋರು, ಶಂಕರ್‌ನಾಗ್ ಹೆಸರಿಡಿ ಅನ್ನೋರು, ಎಲ್ಲ ಶುರು ಹಚ್ಕೊಂಡ್ರು. ಆ ಜಗಳಕ್ಕೆ ನಾನು ಕೈ ಹಾಕಲ್ಲ, ಅದು ಬೇರೆ ವಿಷಯ. ಆದ್ರೆ ನಮ್ಮ ಫ್ಯಾಮಿಲಿ ಗ್ರೂಪಲ್ಲಿ ಚಿಕ್ಕಪ್ಪ ಒಂದು ಮೆಸೇಜ್ ಹಾಕಿದ್ರು: "ಬ್ರಿಟಿಷರು ಅವರ ಸೋಲ್ಜರ್ಸಿಗೆ ಅಂತ ಕಟ್ಟಿಸ್ಕೊಂಡ ಕ್ಯಾಥೆಡ್ರಲ್ ಕಣ್ರೋ ಅದು."

ಒಂದೇ ಸಾಲು, ಅದ್ರಲ್ಲಿ ಮೂರು ತಪ್ಪು. ಕಟ್ಟಿಸಿದ್ದು ಬ್ರಿಟಿಷರಲ್ಲ, ಸೋಲ್ಜರ್ಸಿಗೆ ಅಂತ ಶುರುವಾಗಿದ್ದಲ್ಲ, ಮತ್ತೆ ಅದು ಕ್ಯಾಥೆಡ್ರಲ್ಲೂ ಅಲ್ಲ. ಚಿಕ್ಕಪ್ಪನ್ನ ಬೈಯೋ ಹಂಗಿಲ್ಲ ಬಿಡಿ, ನಾನೂ ತುಂಬಾ ವರ್ಷ ಹಂಗೇ ಅನ್ಕೊಂಡಿದ್ದೆ. ಚಿಕ್ಕವನಿದ್ದಾಗ ಅಮ್ಮನ ಜೊತೆ ರಸೆಲ್ ಮಾರ್ಕೆಟ್ಟಿಗೆ ಹೂವು ತರೋಕೆ ಹೋದ್ರೆ ಆ ಗೋಪುರ ಕಾಣ್ತಿತ್ತು, ಬಸ್ಸಿಗೆ ಕಾಯ್ತಾ ಅದನ್ನೇ ನೋಡ್ತಿದ್ದೆ, ಒಳಗೆ ಹೋಗಿದ್ದು ಮಾತ್ರ ಕಾಲೇಜು ಮುಗಿದ ಮೇಲೆ. ಸೋ, ಮೊದಲಿಂದ ಶುರು ಮಾಡೋಣ.

ಮೊದಲು, ಪ್ಯಾರಿಶ್ ಅಂದ್ರೆ ಏನು?

ಚರ್ಚು ಅಂದ್ರೆ ಕಟ್ಟಡ, ಎಲ್ಲರಿಗೂ ಗೊತ್ತು. ಪ್ಯಾರಿಶ್ ಅಂದ್ರೆ ಆ ಕಟ್ಟಡದ ಸುತ್ತಲ ಏರಿಯಾ ಮತ್ತು ಆ ಏರಿಯಾದಲ್ಲಿರೋ ಕ್ಯಾಥೊಲಿಕ್ ಮನೆಗಳು. ಕನ್ನಡದ ಕ್ರೈಸ್ತರು ಇದನ್ನ ಧರ್ಮಕೇಂದ್ರ ಅಂತಾರೆ. ಪೊಲೀಸ್ ಸ್ಟೇಷನ್ ಲಿಮಿಟ್ಸ್ ಇರುತ್ತಲ್ಲ, ಹಂಗೆ ಅನ್ಕೊಳ್ಳಿ, ಯಾರೂ ಬೇಜಾರ್ ಮಾಡ್ಕೋಬೇಡಿ, ಹೋಲಿಕೆ ಬರೀ ಲಿಮಿಟ್ಸಿನ ಮಟ್ಟಿಗೆ. ಪ್ರಾರ್ಥನೆಗೆ ನೀವು ಊರಲ್ಲಿರೋ ಯಾವ ಚರ್ಚಿಗೆ ಬೇಕಾದ್ರೂ ಹೋಗ್ಬಹುದು, ಯಾರೂ ಕೇಳಲ್ಲ. ಆದ್ರೆ ಮದುವೆ, ಮಗುವಿನ ದೀಕ್ಷಾಸ್ನಾನ (ಬ್ಯಾಪ್ಟಿಸಮ್), ಮಣ್ಣು, ಇವೆಲ್ಲ ಬಂದಾಗ "ನಿಮ್ಮದು ಯಾವ ಪ್ಯಾರಿಶ್?" ಅನ್ನೋ ಪ್ರಶ್ನೆ ಬಂದೇ ಬರುತ್ತೆ. ಅದಕ್ಕೊಬ್ಬರು ಪ್ಯಾರಿಶ್ ಪ್ರೀಸ್ಟ್, ಅಂದ್ರೆ ಧರ್ಮಕೇಂದ್ರದ ಗುರುಗಳು. ಇಂಥ ಹತ್ತಾರು ಪ್ಯಾರಿಶ್ ಸೇರಿ ಒಂದು ಡಯಾಸಿಸ್, ಅಂದ್ರೆ ಧರ್ಮಪ್ರಾಂತ್ಯ, ಅದಕ್ಕೊಬ್ಬ ಬಿಷಪ್. ಸುತ್ತಲ ಡಯಾಸಿಸ್‌ಗಳಲ್ಲಿ ಮುಖ್ಯವಾದದ್ದು ಆರ್ಚ್‌ಡಯಾಸಿಸ್, ಅದಕ್ಕೆ ಆರ್ಚ್‌ಬಿಷಪ್.

ಇದ್ರಲ್ಲಿ ನನಗೆ ತುಂಬಾ ಇಂಟ್ರೆಸ್ಟಿಂಗ್ ಅನ್ಸೋದು ರಿಜಿಸ್ಟರ್. ಪ್ರತಿ ಪ್ಯಾರಿಶ್ಶಲ್ಲೂ ದಪ್ಪ ದಪ್ಪ ಪುಸ್ತಕ ಇರುತ್ತೆ, ದೀಕ್ಷಾಸ್ನಾನಕ್ಕೊಂದು, ಮದುವೆಗೊಂದು, ಸಾವಿಗೊಂದು. ದೀಕ್ಷಾಸ್ನಾನದ ಪುಸ್ತಕದಲ್ಲಿ ಮಗುವಿನ ಹೆಸರು, ಅಪ್ಪ ಅಮ್ಮ, ಜ್ಞಾನ ತಂದೆ ಜ್ಞಾನ ತಾಯಿ (ಗಾಡ್‌ಫಾದರ್, ಗಾಡ್‌ಮದರ್) ಯಾರು, ಯಾವ ಗುರುಗಳು ಮಾಡಿದ್ದು, ತಾರೀಖು. ಪಕ್ಕದಲ್ಲಿ ಸ್ವಲ್ಪ ಜಾಗ ಖಾಲಿ ಬಿಟ್ಟಿರ್ತಾರೆ. ಆ ಮಗು ಇಪ್ಪತ್ತೈದು ವರ್ಷ ಆದ್ಮೇಲೆ ಬೇರೆ ಯಾವುದೋ ಊರಲ್ಲಿ ಮದುವೆ ಆಯ್ತು ಅನ್ಕೊಳ್ಳಿ, ಆ ಊರಿನ ಪ್ಯಾರಿಶ್‌ನವರು ಇಲ್ಲಿಗೆ ತಿಳಿಸ್ತಾರೆ, ಇಲ್ಲಿಯವರು ಅದೇ ಸಾಲಿನ ಪಕ್ಕ ಆ ಖಾಲಿ ಜಾಗದಲ್ಲಿ ಮದುವೆ ವಿವರ ಬರ್ಕೊಳ್ತಾರೆ. ಅದಕ್ಕೇ ಮದುವೆಗೆ ಮುಂಚೆ ಹೊಸದಾಗಿ ತೆಗೆಸಿದ ದೀಕ್ಷಾಸ್ನಾನದ ಸರ್ಟಿಫಿಕೇಟ್ ತಗೊಂಬನ್ನಿ ಅನ್ನೋದು, ಹಳೇದು ನಡಿಯಲ್ಲ, ಹಳೇ ಪ್ರತಿಯಲ್ಲಿ ಆಮೇಲೆ ಬರೆದಿದ್ದು ಕಾಣಲ್ಲ ನೋಡಿ. ಆಧಾರ್ ಕಾರ್ಡ್ ಬರೋಕೆ ಎಷ್ಟೋ ಮೊದಲೇ ಒಬ್ಬ ಮನುಷ್ಯನ ಲೆಕ್ಕ ಒಂದೇ ಕಡೆ ಇಡೋ ಸಿಸ್ಟಮ್ ಇದು.

ಇನ್ನೊಂದು ಮಾತು. ಪ್ಯಾರಿಶ್ ಬೆಳೆದ್ರೆ ಅದನ್ನ ಒಡೀತಾರೆ, ಕಾರ್ಪೊರೇಷನ್ ವಾರ್ಡ್ ಒಡೆದ ಹಾಗೆ. ಹೊಸ ಬಡಾವಣೆ ಆಯ್ತು, ಮನೆ ಜಾಸ್ತಿ ಆಯ್ತು, ಅಲ್ಲೊಂದು ಹೊಸ ಚರ್ಚು, ಹೊಸ ಲಿಮಿಟ್ಸು. ಹಳೇ ಬೆಂಗಳೂರಿನ ಬೆಳವಣಿಗೆ ಹೆಂಗಾಯ್ತು ಅಂತ ತಿಳ್ಕೋಬೇಕಂದ್ರೆ ಚರ್ಚುಗಳು ಹುಟ್ಟಿದ ಕ್ರಮ ನೋಡಿದ್ರೂ ಒಂದು ಅಂದಾಜು ಸಿಗುತ್ತೆ.

ಬಿಳಿಅಕ್ಕಿಪಳ್ಳಿ

ಈಗ ಶಿವಾಜಿನಗರ ಅಂತೀವಲ್ಲ, ಅದರ ಹಿಂದಿನ ಹೆಸರು ಬ್ಲಾಕ್‌ಪಳ್ಳಿ. ವಯಸ್ಸಾದವರು ಕೆಲವರು ಇನ್ನೂ ಹಂಗೇ ಕರೀತಾರೆ. ಈ ಹೆಸರು ಎಲ್ಲಿಂದ ಬಂತು ಅನ್ನೋಕೆ ಒಂದಕ್ಕಿಂತ ಜಾಸ್ತಿ ಕಥೆ ಇವೆ. ಕಂಟೋನ್ಮೆಂಟಿನ, ಅಂದ್ರೆ ಬ್ರಿಟಿಷ್ ಸೈನ್ಯದ ನೆಲೆಯ, ಪ್ಲಾನ್ ಹಾಕಿದ ಬ್ಲಾಕಿಸ್ಟನ್ ಅನ್ನೋ ಇಂಜಿನಿಯರ್ ಹೆಸರಿಂದ ಅಂತ ಕೆಲವರು. ಬಿಳಿ ಅಕ್ಕಿ ಬೆಳೀತಿದ್ದ ಹಳ್ಳಿ, ಬಿಳಿಅಕ್ಕಿಪಳ್ಳಿ, ಇಂಗ್ಲಿಷರ ಬಾಯಲ್ಲಿ ಬ್ಲಾಕ್‌ಪಳ್ಳಿ ಆಯ್ತು ಅಂತ ಇನ್ನು ಕೆಲವರು. ಬಿಳಿ ಹೋಗಿ ಬ್ಲಾಕ್ ಆಗಿದ್ದು ತಮಾಷೆನೇ. ಪಳ್ಳಿ ಅಂದ್ರೆ ನಮ್ಮ ಹಳ್ಳಿನೇ, ಹಳಗನ್ನಡದ ಪಾಲು ಹಾಲಾದಂಗೆ ಪಳ್ಳಿ ಹಳ್ಳಿ ಆಗಿದೆ. (ಮಲಯಾಳಂನಲ್ಲಿ ಪಳ್ಳಿ ಅಂದ್ರೆ ಚರ್ಚು, ಮಸೀದಿ. ಹಂಗಾಗಿ ಕೇರಳದ ನನ್ನ ಫ್ರೆಂಡೊಬ್ಬ ಇದು ಚರ್ಚಿಂದಲೇ ಬಂದ ಹೆಸರು ಅಂತ ವಾದ ಮಾಡ್ತಾನೆ.)

ಇಲ್ಲಿಗೆ 17ನೇ ಶತಮಾನದಲ್ಲಿ ಸೆಂಜಿ ಕಡೆಯಿಂದ ತಮಿಳು ಕ್ರೈಸ್ತರು ಬಂದು ನೆಲೆಸಿದ್ರು ಅನ್ನೋದು ಚರ್ಚಿನ ಪರಂಪರೆಯಲ್ಲಿ ಬಂದಿರೋ ಮಾತು. ಸೆಂಜಿ ಅಂದ್ರೆ ಇಂಗ್ಲಿಷಲ್ಲಿ ಜಿಂಜಿ ಅಂತಾರಲ್ಲ, ತಮಿಳುನಾಡಿನ ವಿಲ್ಲುಪುರಂ ಜಿಲ್ಲೆಯಲ್ಲಿ, ಬೆಟ್ಟದ ಮೇಲೆ ದೊಡ್ಡ ಕೋಟೆ ಇದೆ. ಆ ಕಾಲದಲ್ಲಿ ಆ ಕೋಟೆ ಕೈಯಿಂದ ಕೈಗೆ ಹೋಗ್ತಾನೇ ಇತ್ತು. 1677ರಲ್ಲಿ ಅದನ್ನ ಗೆದ್ದಿದ್ದು ಯಾರು ಗೊತ್ತಾ, ಛತ್ರಪತಿ ಶಿವಾಜಿ. 1698ರಲ್ಲಿ ಮೊಘಲರು ತಗೊಂಡ್ರು. ಸೆಂಜಿಯಿಂದ ಬಂದವರ ಊರಿಗೆ ಮುಂದೊಂದು ದಿನ ಶಿವಾಜಿನಗರ ಅಂತ ಹೆಸರು ಬಂದಿದ್ದು ಪೂರ್ತಿ ಕಾಕತಾಳೀಯ, ಆದ್ರೂ ಹೇಳದೇ ಇರೋಕಾಗ್ಲಿಲ್ಲ.

ಆ ಜನ ಮರಿಯಮ್ಮನಿಗೆ (ಯೇಸುವಿನ ತಾಯಿ ಮೇರಿ) ಅಂತ ಒಂದು ಹುಲ್ಲಿನ ಗುಡಿಸಲು ಕಟ್ಕೊಂಡ್ರು. ಅದರಿಂದ ಬೆಳೆದ ಪ್ರಾರ್ಥನಾಮಂದಿರಕ್ಕೆ ಕಾಣಿಕ್ಕೈ ಮಾದಾ ಅಂತ ಹೆಸರು. ಕಾಣಿಕ್ಕೈ ಅಂದ್ರೆ ನಮ್ಮ ಕಾಣಿಕೆ, ಮಾದಾ ಅಂದ್ರೆ ಮಾತೆ. ಬೆಂಗಳೂರಿನ ಅತ್ಯಂತ ಹಳೇ ಚರ್ಚು ಅಂತ ಇದನ್ನ ಕರೆಯೋದು ಈ ಗುಡಿಸಲಿನ ಲೆಕ್ಕ ಹಿಡಿದು. ಈಗ ಕಣ್ಣಿಗೆ ಕಾಣೋ ಕಟ್ಟಡದ ವಯಸ್ಸು ನೋಡಿದ್ರೆ ಇದಕ್ಕಿಂತ ಹಳೇದು ಬೇರೆ ಇವೆ. ಸಮುದಾಯ ಹಳೇದಾ ಕಟ್ಟಡ ಹಳೇದಾ ಅಂತ ಬೇರೆ ಮಾಡಿ ಕೇಳಿದ್ರೆ ಅರ್ಧ ಗೊಂದಲ ಹೋಗುತ್ತೆ.

ದೊಡ್ಡ ಸ್ವಾಮಿಯವರು

ಮೈಸೂರು ಸೀಮೆಯಲ್ಲಿ ಮೊದಮೊದಲು ಕೆಲಸ ಮಾಡಿದ ಕ್ಯಾಥೊಲಿಕ್ ಗುರುಗಳಲ್ಲಿ ಜೆಸ್ವಿಟರು (ಇದೊಂದು ಕ್ಯಾಥೊಲಿಕ್ ಗುರುಗಳ ಸಂಸ್ಥೆ) ಮುಖ್ಯರು, ಶ್ರೀರಂಗಪಟ್ಟಣದಲ್ಲಿ 1640ರ ದಶಕದಲ್ಲೇ ಅವರ ಕೆಲಸ ಶುರುವಾಗಿತ್ತು. 1773ರಲ್ಲಿ ಪೋಪ್ ಅವರು ಜೆಸ್ವಿಟರ ಸಂಸ್ಥೆಯನ್ನೇ ಬರ್ಖಾಸ್ತು ಮಾಡಿಬಿಟ್ರು, ಯುರೋಪಿನ ರಾಜಕೀಯ ಅದು. ಅವರ ಜಾಗಕ್ಕೆ ಬಂದವರು ಪ್ಯಾರಿಸ್ ಮಿಷನ್ ಸೊಸೈಟಿಯ ಫ್ರೆಂಚ್ ಪಾದ್ರಿಗಳು, ಪುದುಚೇರಿ ಅವರ ಬೇಸ್. ಇಲ್ಲಿಂದ ಮುಂದೆ ಈ ಕಥೆಯಲ್ಲಿ ಫ್ರೆಂಚರ ಹೆಸರೇ ಬರೋದು ಈ ಕಾರಣಕ್ಕೆ.

ಅವರಲ್ಲಿ ಒಬ್ರು ಅಬ್ಬೆ ದುಬ್ವಾ. ಅಬ್ಬೆ ಅನ್ನೋದು ಹೆಸರಲ್ಲ, ಫ್ರೆಂಚರು ಪಾದ್ರಿಗಳಿಗೆ ಹೇಳೋ ಗೌರವದ ಮಾತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಚದುರಿಹೋಗಿದ್ದ ಕ್ರೈಸ್ತರನ್ನ ಮತ್ತೆ ಕೂಡಿಸೋಕೆ ಅಂತ ಮೈಸೂರು ಸೀಮೆಗೆ ಬಂದ್ರು. ಬಂದವರು ಇಲ್ಲಿಯವರ ಥರಾನೇ ಬಟ್ಟೆ, ತಲೆಗೆ ರುಮಾಲು, ಮಾಂಸ ಬಿಟ್ರು, ಊರೂರು ಸುತ್ತಿದ್ರು. ಜನ ಅವರನ್ನ ದೊಡ್ಡ ಸ್ವಾಮಿಯವರು ಅಂತಿದ್ರು. ಹಾಸನದ ಕಡೆ ಸತ್ತಿಹಳ್ಳಿ ಹತ್ರ ಬಡ ಕ್ರೈಸ್ತರಿಗೆ ಬೇಸಾಯದ ನೆಲೆ ಮಾಡಿಕೊಟ್ರು, ಸಿಡುಬಿಗೆ ಲಸಿಕೆ ಹಾಕಿಸೋ ಕೆಲಸಕ್ಕೂ ನಿಂತ್ರು. ಹಿಂದೂಗಳ ಆಚಾರ ವಿಚಾರದ ಬಗ್ಗೆ ಅವರು ಬರೆದ ಹಸ್ತಪ್ರತಿಯನ್ನ ಈಸ್ಟ್ ಇಂಡಿಯಾ ಕಂಪನಿ ದುಡ್ಡು ಕೊಟ್ಟು ಕೊಂಡ್ಕೊಳ್ತು. ಅದ್ರಲ್ಲಿ ಅವರು ಹೇಳಿದ್ದೆಲ್ಲ ಸರಿನಾ ತಪ್ಪಾ ಅಂತ ಇವತ್ತಿಗೂ ವಾದ ನಡೀತಾನೇ ಇದೆ. 1823ರಲ್ಲಿ ಫ್ರಾನ್ಸಿಗೆ ವಾಪಸ್ ಹೋದ್ರು, ಮತ್ತೆ ಬರಲಿಲ್ಲ.

ಈ ದುಬ್ವಾ ಬಿಳಿಅಕ್ಕಿಪಳ್ಳಿಗೂ ಬಂದು ಆ ಗುಡಿಸಲಲ್ಲೇ ಪೂಜೆ ಮಾಡ್ತಿದ್ರು. ಇಲ್ಲಿ ಪೂಜೆ ಅಂದ್ರೆ ಕ್ಯಾಥೊಲಿಕರ ಮಾಸ್, ಕನ್ನಡದಲ್ಲಿ ಬಲಿಪೂಜೆ ಅಂತಾರೆ, ರೊಟ್ಟಿ ಮತ್ತು ದ್ರಾಕ್ಷಾರಸ ಅರ್ಪಿಸೋ ವಿಧಿ. 1810ರ ದಶಕದಲ್ಲಿ ಗುಡಿಸಲಿನ ಜಾಗದಲ್ಲಿ ಒಂದು ಚಿಕ್ಕ ಚಾಪೆಲ್ (ಸಣ್ಣ ಪ್ರಾರ್ಥನಾಮಂದಿರ), ಜೊತೆಗೆ ಗುರುಗಳು ಉಳ್ಕೊಳ್ಳೋಕೊಂದು ಮನೆ ಆಯ್ತು. ಈ ಮನೆ ಅನ್ನೋದು ಸಣ್ಣ ವಿಷಯ ಅನ್ಸುತ್ತೆ, ಆದ್ರೆ ಗುರುಗಳು ಅಲ್ಲೇ ಇರೋಕೆ ಶುರು ಮಾಡಿದ್ರೆ ದಿನಾ ಪೂಜೆ ಆಗುತ್ತೆ, ಪುಸ್ತಕ ಬರೆಯೋಕೆ ಜನ ಇರ್ತಾರೆ, ಅಂದ್ರೆ ಪ್ಯಾರಿಶ್ ಅನ್ನೋದಕ್ಕೆ ಕಾಲು ಬಂದಂಗೆ. ದುಬ್ವಾ ನಂತರ ಪುದುಚೇರಿಯಿಂದ ಬಂದ ಭಾರತೀಯ ಗುರುಗಳೊಬ್ಬರು ಚಾಪೆಲನ್ನ ಶಿಲುಬೆ ಆಕಾರಕ್ಕೆ ವಿಸ್ತರಿಸಿದ್ರು.

ಊರಿನ ಪಕ್ಕ ದಂಡು ಬಂತು

ಈಗ ಚಿಕ್ಕಪ್ಪನ ಸೋಲ್ಜರ್ಸ್ ವಿಷಯ. ಶ್ರೀರಂಗಪಟ್ಟಣ ಗೆದ್ದ ಮೇಲೆ ಬ್ರಿಟಿಷರ ಸೈನ್ಯ ಅಲ್ಲೇ ಇತ್ತು, ಸೊಳ್ಳೆ, ಜ್ವರ, ಜನ ಸಾಯ್ತಿದ್ರು. ಹವಾ ಚೆನ್ನಾಗಿದೆ ಅಂತ ಬೆಂಗಳೂರಿಗೆ ಎತ್ಕೊಂಡು ಬಂದ್ರು, 1809ರ ಹೊತ್ತಿಗೆ ಕಂಟೋನ್ಮೆಂಟ್ ಆಯ್ತು. ಕನ್ನಡದಲ್ಲಿ ದಂಡು ಅಂತಿದ್ರು, ರೈಲ್ವೆ ಸ್ಟೇಷನ್ನಿಗೆ ಇವತ್ತೂ ದಂಡು ಅಂತ ಹೆಸರಿದೆಯಲ್ಲ ಅದೇ. ಕೋಟೆ ಪೇಟೆ ಒಂದು ಕಡೆ, ದಂಡು ಇನ್ನೊಂದು ಕಡೆ, ಮಧ್ಯೆ ಈಗಿನ ಕಬ್ಬನ್ ಪಾರ್ಕ್ ಕಡೆಯ ಖಾಲಿ ಜಾಗ. ಎರಡು ಬೇರೆ ಬೇರೆ ಊರು ಇದ್ದಂಗೆ.

ಬ್ರಿಟಿಷ್ ಆಫೀಸರುಗಳು ಹೆಚ್ಚಿನವರು ಆಂಗ್ಲಿಕನ್, ಅಂದ್ರೆ ಪೋಪ್ ಅವರನ್ನ ಒಪ್ಪದ ಪ್ರಾಟೆಸ್ಟೆಂಟರು. ಅವರಿಗೆ ಅಂತ ಕಟ್ಟಿದ್ದು ಎಂ.ಜಿ. ರೋಡಿನ ತುದಿಯ ಸೇಂಟ್ ಮಾರ್ಕ್ಸ್, 1808ರಲ್ಲಿ ಶುರುವಾಗಿದ್ದು. ಸೈನ್ಯದಲ್ಲಿ ಐರಿಶ್ ಕ್ಯಾಥೊಲಿಕರೂ ಇದ್ರು, ಸೇಂಟ್ ಪ್ಯಾಟ್ರಿಕ್ಸ್ ಅನ್ನೋ ಐರಿಶ್ ಸಂತನ ಹೆಸರಿನ ಚರ್ಚು 1840ರ ದಶಕದ್ದು. ಬ್ಲಾಕ್‌ಪಳ್ಳಿಯದ್ದು ಇವೆರಡೂ ಅಲ್ಲ. ಅದು ದಂಡು ಬರೋಕೆ ಮುಂಚೆಯಿಂದ ಅಲ್ಲಿದ್ದ ಜನರದ್ದು.

ಆದ್ರೆ ದಂಡು ಅದನ್ನ ಬದಲಾಯಿಸಿದ್ದು ಮಾತ್ರ ನಿಜ. ಸೈನ್ಯ ಅಂದ್ರೆ ಬರೀ ಬಂದೂಕು ಹಿಡಿದವರಲ್ಲ ನೋಡಿ. ಅವರಿಗೆ ಅಡುಗೆ ಮಾಡೋರು, ಬಟ್ಟೆ ಒಗೆಯೋರು, ಕುದುರೆ ನೋಡ್ಕೊಳ್ಳೋರು, ದರ್ಜಿ, ಕಂಟ್ರಾಕ್ಟರ್, ಮಾಂಸದ ಅಂಗಡಿ, ಬ್ರೆಡ್ ಮಾಡೋರು, ಎಲ್ಲ ಬೇಕು. ಈ ಜನ ಹೆಚ್ಚಾಗಿ ಮದ್ರಾಸ್ ಪ್ರಾಂತ್ಯದಿಂದ ಬಂದ್ರು, ತಮಿಳು ಮಾತಾಡೋರು ತುಂಬಾ. ಅವರೆಲ್ಲ ನೆಲೆಸಿದ ಬಜಾರು ಏರಿಯಾ ಬ್ಲಾಕ್‌ಪಳ್ಳಿ. ಭತ್ತದ ಗದ್ದೆ ಹೋಗಿ ಗಲ್ಲಿ ಆಯ್ತು, ಗಲ್ಲಿ ತುಂಬಾ ಮನೆ ಆಯ್ತು. ಹಳ್ಳಿಯ ಪ್ಯಾರಿಶ್ ನೋಡ್ತಾ ನೋಡ್ತಾ ಕಿಕ್ಕಿರಿದ ಸಿಟಿ ಪ್ಯಾರಿಶ್ ಆಗೋಯ್ತು. 1832ರಲ್ಲಿ ಕಂಟೋನ್ಮೆಂಟಲ್ಲಿ ಗಲಭೆ ಎದ್ದಾಗ ಈ ಚರ್ಚಿಗೂ ಅದರ ಬಿಸಿ ತಟ್ತು, ಸೈನಿಕರ ಕಾವಲು ಹಾಕಬೇಕಾಯ್ತು.

ಈಗಿನ ಕಟ್ಟಡ: 1875ರಿಂದ 1882

ಜನ ಹಿಡಿಸ್ತಿರಲಿಲ್ಲ, ದೊಡ್ಡ ಚರ್ಚು ಬೇಕಾಗಿತ್ತು. ಫಾದರ್ ಕ್ಲೈನರ್ ಅನ್ನೋರು 1875ರಲ್ಲಿ ಕೆಲಸ ಶುರು ಮಾಡ್ಸಿದ್ರು, ಏಳು ವರ್ಷ ಹಿಡೀತು. 1882ರ ಸೆಪ್ಟೆಂಬರ್ 8ಕ್ಕೆ ಬಿಷಪ್ ಕೊಆದೂ ಬಂದು ಪ್ರತಿಷ್ಠೆ ಮಾಡಿದ್ರು. ಆಗ ಬೆಂಗಳೂರಿಗೆ ಬೇರೆ ಬಿಷಪ್ ಇರಲಿಲ್ಲ, ಮೈಸೂರು ಅನ್ನೋ ಹೆಸರಿನ ದೊಡ್ಡ ಪ್ರಾಂತ್ಯದೊಳಗೇ ಇತ್ತು. ಕ್ಲೈನರ್ ಅವರೂ ಮುಂದೆ ಮೈಸೂರಿನ ಬಿಷಪ್ ಆದ್ರು.

ಕಟ್ಟಡದ ಶೈಲಿಗೆ ಗೋಥಿಕ್ ಅಂತಾರೆ. ಈ ಪದ ಕೇಳಿದ್ರೆ ಏನೋ ಭಾರೀ ಅನ್ಸುತ್ತೆ, ಒಳಗಿರೋ ಐಡಿಯಾ ಸಿಂಪಲ್. ನೀವೂ ನಿಮ್ಮ ಫ್ರೆಂಡೂ ಎದುರೆದುರು ನಿಂತು ಅಂಗೈಗೆ ಅಂಗೈ ಕೊಟ್ಟು ಒರಗಿ. ಕಾಲು ಹಿಂದೆ ಹಿಂದೆ ಇಟ್ಟಷ್ಟೂ ಪಾದ ಜಾರುತ್ತೆ, ಹೌದಾ? ಕಮಾನು ಅಗಲವಾಗಿ, ತಗ್ಗಾಗಿ ಇದ್ರೆ ಭಾರ ಹಿಂಗೇ ಪಕ್ಕಕ್ಕೆ ತಳ್ಳುತ್ತೆ, ಆಗ ಗೋಡೆ ದಪ್ಪ ಬೇಕು, ಕಿಟಕಿ ಸಣ್ಣದಾಗುತ್ತೆ, ಒಳಗೆ ಕತ್ತಲು. ಈಗ ಇಬ್ಬರೂ ಹತ್ತಿರ ಬಂದು ಕೈ ಮೇಲೆತ್ತಿ ಒರಗಿ, ಭಾರ ಹೆಚ್ಚು ಕಮ್ಮಿ ನೇರ ಕೆಳಗೆ ಇಳಿಯುತ್ತೆ. ಮೊನಚು ಕಮಾನು ಮಾಡೋದು ಇದನ್ನೇ. ಪಕ್ಕಕ್ಕೆ ತಳ್ಳೋದು ಕಮ್ಮಿ ಆದ್ರೆ ಗೋಡೆ ತೆಳ್ಳಗೆ, ಎತ್ತರ ಜಾಸ್ತಿ, ಕಿಟಕಿ ದೊಡ್ಡದು, ಬೆಳಕು ಒಳಗೆ. ಸುಮಾರು 160 ಅಡಿ ಎತ್ತರದ ಗೋಪುರ, ಒಳಗಡೆ ಎರಡು ಸಾಲು ಕಂಬ, ಕಂಬದ ತಲೆಯಲ್ಲಿ ಎಲೆ ಕೆತ್ತಿದಂಗೆ ಕೆಲಸ. ಈ ಎಲೆ ತಲೆಯ ಕಂಬ ಗ್ರೀಕರ ಕಡೆಯದು, ಗೋಥಿಕ್ ಪುಸ್ತಕದ ಪ್ರಕಾರ ಪಕ್ಕಾ ಅಲ್ಲ. 19ನೇ ಶತಮಾನದಲ್ಲಿ ಹಿಂಗೆ ಬೆರೆಸೋದು ಮಾಮೂಲಿ.

ಕಿಟಕಿಯ ಬಣ್ಣದ ಗಾಜು ಪ್ಯಾರಿಸ್ಸಿಂದ ತರಿಸಿದ್ದು. ಇದು ಗಾಜಿನ ಮೇಲೆ ಬಿಡಿಸಿದ ಚಿತ್ರ ಅಂತ ತುಂಬಾ ಜನ ಅನ್ಕೊಳ್ತಾರೆ. ಬಣ್ಣ ಬಣ್ಣದ ಗಾಜನ್ನ ತುಂಡು ಮಾಡಿ, ತುಂಡು ತುಂಡಿನ ಮಧ್ಯೆ ಸೀಸದ ಪಟ್ಟಿ ಕೂರಿಸಿ ಜೋಡಿಸ್ತಾರೆ, ಮುಖ, ಬಟ್ಟೆ ಮಡಿಕೆ ಇಂಥ ಸೂಕ್ಷ್ಮ ಗೆರೆ ಮಾತ್ರ ಮೇಲೆ ಬರೆದು ಸುಡ್ತಾರೆ. ಎರಡನೇ ಮಹಾಯುದ್ಧದ ಟೈಮಲ್ಲಿ ಈ ಗಾಜನ್ನೆಲ್ಲ ಬಿಚ್ಚಿ ಇಟ್ಟಿದ್ರು, ವಾಪಸ್ ಹಾಕಿದ್ದು 1947ರಲ್ಲಿ. ಬಾಂಬು ನೇರ ಬೀಳಬೇಕು ಅಂತಿಲ್ಲ, ದೂರದಲ್ಲಿ ಸಿಡಿದ್ರೂ ಆ ಅದುರಿಗೆ ಇಂಥ ಗಾಜು ಉದುರುತ್ತೆ. ಬೆಳಿಗ್ಗೆ ಹೊತ್ತು ಹೋದ್ರೆ ನೆಲದ ಮೇಲೆ ಕೆಂಪು ನೀಲಿ ಬಿದ್ದಿರುತ್ತೆ, ನಾನು ಮೊದಲ ಸಲ ಹೋದಾಗ ಒಂದು ಮಗು ಆ ಬಣ್ಣದ ಮೇಲೆ ಕೈ ಇಟ್ಟು ತೆಗೆದು ಇಟ್ಟು ತೆಗೆದು ಆಟ ಆಡ್ತಿತ್ತು, ಅವರಮ್ಮ ಜಪಮಾಲೆ ಹಿಡ್ಕೊಂಡೇ ಕಣ್ಣಲ್ಲಿ ಗದರಿಸ್ತಿದ್ರು.

ಪ್ಲೇಗು ಮತ್ತು ಆರೋಗ್ಯ ಮಾತೆ

1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಇಲಿ, ಇಲಿಯ ಚಿಗಟ, ಚಿಗಟ ಕಚ್ಚಿ ಮನುಷ್ಯನಿಗೆ. ಇಕ್ಕಟ್ಟು ಗಲ್ಲಿ ಇರೋ ಕಡೆ ಜೋರು, ಬ್ಲಾಕ್‌ಪಳ್ಳಿ ಅಂಥದ್ದೇ ಜಾಗ. ಆಗ ಪರಿಣಾಮಕಾರಿ ಔಷಧಿ ಇರಲಿಲ್ಲ. ಬೆಂಗಳೂರಲ್ಲಿ ಪ್ಲೇಗಮ್ಮನ ಗುಡಿಗಳು ಹುಟ್ಟಿದ್ದು ಇದೇ ಕಾಲಕ್ಕೆ, ಹಾಗೇ ಬ್ಲಾಕ್‌ಪಳ್ಳಿಯ ಜನ ಈ ಮರಿಯಮ್ಮನ ಹತ್ರ ಹೋದ್ರು. ಇಲ್ಲಿನ ಮಾತೆಗೆ ಆರೋಗ್ಯ ಮಾತೆ ಅನ್ನೋ ಹೆಸರು ಗಟ್ಟಿಯಾಗಿದ್ದು ಈ ಪ್ಲೇಗಿನ ನೆನಪಿಂದ ಅಂತ ಭಕ್ತರು ಹೇಳ್ತಾರೆ. ತಮಿಳುನಾಡಿನ ವೇಲಾಂಗಣ್ಣಿಯ ಮಾತೆಗೂ ಅದೇ ಹೆಸರು, ಹಬ್ಬವೂ ಒಂದೇ ದಿನ.

ಪ್ಲೇಗಿಂದ ಊರಿನ ನಕ್ಷೆಯೂ ಬದಲಾಯ್ತು. ಪೇಟೆ ಕಡೆ ಬಸವನಗುಡಿ, ಮಲ್ಲೇಶ್ವರ ಬೆಳೆದ್ವು, ಕಂಟೋನ್ಮೆಂಟ್ ಕಡೆ ಫ್ರೇಜರ್ ಟೌನ್ ಬಂತು, ಅಗಲ ರಸ್ತೆ, ಗಾಳಿ ಬೆಳಕು. ಸ್ವಲ್ಪ ಅನುಕೂಲ ಇದ್ದ ಕ್ಯಾಥೊಲಿಕ್ ಮನೆಯವರು ಅಂಥ ಕಡೆ ಹೋದ್ರು, ಅಲ್ಲಲ್ಲಿ ಬೇರೆ ಪ್ಯಾರಿಶ್‌ಗಳಾದ್ವು. ಹೋದವರು ಶನಿವಾರ ಮತ್ತು ಹಬ್ಬಕ್ಕೆ ಮಾತ್ರ ವಾಪಸ್ ಬರ್ತಾನೇ ಇದ್ರು (ಕ್ಯಾಥೊಲಿಕರಿಗೆ ಶನಿವಾರ ಮರಿಯಮ್ಮನ ದಿನ). ಒಂದು ಏರಿಯಾದ ಪ್ಯಾರಿಶ್ ಇಡೀ ಊರಿನ ಹರಕೆ ಜಾಗ ಆಗಿದ್ದು ಹಿಂಗೆ.

ಪೂಜೆ ಯಾವ ಭಾಷೇಲಿ?

1960ರ ದಶಕದವರೆಗೆ ಪ್ರಪಂಚದ ಬಹುಪಾಲು ಕ್ಯಾಥೊಲಿಕ್ ಚರ್ಚುಗಳಲ್ಲಿ ಪೂಜೆ ಲ್ಯಾಟಿನ್ನಲ್ಲಿ. ನಮ್ಮಲ್ಲಿ ಸಂಸ್ಕೃತ ಇದ್ದಂಗೆ, ಕೇಳೋರಿಗೆ ಅರ್ಥ ಆಗ್ಬೇಕು ಅಂತೇನಿಲ್ಲ. 1962ರಿಂದ 65ರವರೆಗೆ ರೋಮಿನಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ನಡೀತು, ಜನರ ಭಾಷೇಲಿ ಮಾಡ್ಬಹುದು ಅಂತಾಯ್ತು. ಬೇರೆ ಊರಲ್ಲಿ ಅಲ್ಲಿಗೆ ವಿಷಯ ಮುಗೀತು. ಬೆಂಗಳೂರಲ್ಲಿ ಅಲ್ಲಿಂದ ಶುರುವಾಯ್ತು, ಯಾಕಂದ್ರೆ ಜನರ ಭಾಷೆ ಅಂದ್ರೆ ಯಾವುದು? ಕನ್ನಡ, ತಮಿಳು, ಇಂಗ್ಲಿಷ್, ಕೊಂಕಣಿ, ಮಲಯಾಳಂ, ಎಲ್ಲ ಇವೆ. ನಾಡಿನ ಭಾಷೆ ಕನ್ನಡಕ್ಕೆ ಸಿಗಬೇಕಾದ ಸ್ಥಾನ ಸಿಕ್ಕಿಲ್ಲ ಅಂತ ಕನ್ನಡ ಕ್ಯಾಥೊಲಿಕರು ದಶಕಗಟ್ಟಲೆ ಹೋರಾಡಿದ್ದಾರೆ, ತಲೆಮಾರುಗಳಿಂದ ಇದ್ದೀವಿ ನಮ್ಮ ಪ್ರಾರ್ಥನೆ ನಮ್ಮ ಭಾಷೇಲಿ ಇರ್ಲಿ ಅಂತ ತಮಿಳರೂ ಹೇಳಿದ್ದಾರೆ. ಶಿವಾಜಿನಗರದಲ್ಲಿ ಈಗ ಕನ್ನಡ, ತಮಿಳು, ಇಂಗ್ಲಿಷ್ ಮೂರರಲ್ಲೂ ಪೂಜೆ ನಡೆಯುತ್ತೆ.

ಇಲ್ಲಿ ಆಡಳಿತದ ಒಂದು ಹಿನ್ನೆಲೆ ಇದೆ. ಕಂಟೋನ್ಮೆಂಟ್ ಏರಿಯಾ 1947ರ ಜುಲೈವರೆಗೆ ಬ್ರಿಟಿಷರ ನೇರ ಆಡಳಿತದಲ್ಲಿತ್ತು, ಆಮೇಲೆ ಮೈಸೂರು ಸಂಸ್ಥಾನಕ್ಕೆ ವಾಪಸ್ ಬಂತು. ಪೇಟೆ ಮುನಿಸಿಪಾಲಿಟಿ, ದಂಡಿನ ಮುನಿಸಿಪಾಲಿಟಿ ಎರಡೂ ಸೇರಿ 1949ರಲ್ಲಿ ಒಂದು ಕಾರ್ಪೊರೇಷನ್ ಆಯ್ತು. ಅಂದ್ರೆ ಸುಮಾರು 140 ವರ್ಷ ಈ ಕಡೆಯವರ ಆಫೀಸು, ಸಂತೆ, ಸ್ಕೂಲು ಎಲ್ಲ ಬೇರೆ.

ಚರ್ಚು, ಕ್ಯಾಥೆಡ್ರಲ್, ಬೆಸಿಲಿಕಾ: ವ್ಯತ್ಯಾಸ ಏನು?

ಕ್ಯಾಥೆಡ್ರಲ್ ಅಂದ್ರೆ ದೊಡ್ಡ ಚರ್ಚು ಅಂತಲ್ಲ. ಲ್ಯಾಟಿನ್ನಲ್ಲಿ ಕಥೆಡ್ರಾ ಅಂದ್ರೆ ಕುರ್ಚಿ. ಬಿಷಪ್ ಅವರ ಪೀಠ ಎಲ್ಲಿದೆಯೋ ಅದು ಕ್ಯಾಥೆಡ್ರಲ್, ಕನ್ನಡದಲ್ಲಿ ಪ್ರಧಾನಾಲಯ, ಸಣ್ಣ ಕಟ್ಟಡ ಆದ್ರೂ ಸರಿ. ಜಿಲ್ಲೆಗೊಂದು ಡಿಸಿ ಆಫೀಸ್ ಇದ್ದಂಗೆ. ಮೈಸೂರಿನ ಸೇಂಟ್ ಫಿಲೋಮಿನಾ ನೋಡಿರ್ತೀರಲ್ಲ, ಅದು ಮೈಸೂರು ಧರ್ಮಪ್ರಾಂತ್ಯದ ಕ್ಯಾಥೆಡ್ರಲ್. ಬೆಂಗಳೂರು 1940ರಲ್ಲಿ ಮೈಸೂರಿಂದ ಬೇರೆಯಾಗಿ ತನ್ನದೇ ಡಯಾಸಿಸ್ ಆಯ್ತು, 1953ರಲ್ಲಿ ಆರ್ಚ್‌ಡಯಾಸಿಸ್. ಅದರ ಕ್ಯಾಥೆಡ್ರಲ್ ಕೋಲ್ಸ್ ಪಾರ್ಕ್ ಹತ್ರದ ಸೇಂಟ್ ಫ್ರಾನ್ಸಿಸ್ ಝೇವಿಯರ್. ಶಿವಾಜಿನಗರದ್ದಲ್ಲ.

ಹಂಗಾದ್ರೆ ಬೆಸಿಲಿಕಾ? ಗ್ರೀಕ್ ಮೂಲದ ಪದ, ಅರಸನದ್ದು ಅನ್ನೋ ಅರ್ಥ. ಹಳೇ ರೋಮಿನಲ್ಲಿ ನ್ಯಾಯ ಪಂಚಾಯ್ತಿ, ವ್ಯಾಪಾರ ನಡೆಯೋ ಉದ್ದದ ದೊಡ್ಡ ಹಾಲಿಗೆ ಬೆಸಿಲಿಕಾ ಅಂತಿದ್ರು, ಕ್ರೈಸ್ತರು ಆಮೇಲೆ ಅದೇ ಮಾದರೀಲಿ ಚರ್ಚು ಕಟ್ಟಿದ್ರು, ಪದ ಹಂಗೇ ಬಂತು. ಈಗ ಅದು ಪೋಪ್ ಕೊಡೋ ಗೌರವದ ಪದವಿ. ಮೇಜರ್ ಬೆಸಿಲಿಕಾ ನಾಲ್ಕೇ ನಾಲ್ಕು, ನಾಲ್ಕೂ ರೋಮ್ ಮತ್ತು ಅದರೊಳಗಿನ ವ್ಯಾಟಿಕನ್ನಲ್ಲೇ. ಉಳಿದ ಪ್ರಪಂಚದ್ದೆಲ್ಲ ಮೈನರ್, ಅಂದ್ರೆ ಕಿರಿಯ ಬೆಸಿಲಿಕಾ. ಭಕ್ತರು ಎಷ್ಟು ಬರ್ತಾರೆ, ಇತಿಹಾಸ ಏನು, ಪೂಜಾವಿಧಿ ಹೆಂಗೆ ನಡೀತಿದೆ ಇವೆಲ್ಲ ನೋಡ್ತಾರೆ. ಕೊಟ್ರೆ ಕೆಲವು ಗುರುತು ಸಿಗುತ್ತೆ: ಕೆಂಪು ಹಳದಿ ಪಟ್ಟೆಯ ಅರ್ಧ ಬಿಚ್ಚಿದ ಛತ್ರಿ, ಕೋಲಿಗೆ ಕಟ್ಟಿದ ಒಂದು ಗಂಟೆ, ಪೋಪ್ ಪದವಿಯ ಸಂಕೇತವಾದ ಅಡ್ಡಡ್ಡ ಬೀಗದ ಕೈ. ಯಾವುದಾದ್ರೂ ಬೆಸಿಲಿಕಾಗೆ ಹೋದ್ರೆ ಛತ್ರಿ ಹುಡುಕಿ, ಚರ್ಚಲ್ಲಿ ಛತ್ರಿ ಯಾಕೆ ಅಂತ ನನಗೆ ಮೊದಲು ತಲೆಬುಡ ಗೊತ್ತಾಗಿರಲಿಲ್ಲ. ಪಲ್ಲಕ್ಕಿ ಮೇಲಿನ ಸತ್ತಿಗೆ ನೆನಪು ಮಾಡ್ಕೊಳ್ಳಿ, ಅದೇ ಥರದ ಮರ್ಯಾದೆ.

ಸೇಂಟ್ ಮೇರಿಸ್‌ಗೆ ಈ ಪದವಿ ಬಂದಿದ್ದು 1973ರ ಸೆಪ್ಟೆಂಬರಲ್ಲಿ, ಪೋಪ್ ಆರನೇ ಪೌಲ್ ಕೊಟ್ಟಿದ್ದು, ಇಲ್ಲಿ ಘೋಷಣೆ ಆಗಿದ್ದು 1974ರ ಜನವರಿ 26ಕ್ಕೆ. ಕರ್ನಾಟಕದಲ್ಲಿ ಮೊದಲನೇದು. ಆಮೇಲೆ 2016ರಲ್ಲಿ ಕಾರ್ಕಳದ ಅತ್ತೂರಿನ ಸಂತ ಲಾರೆನ್ಸ್ ಚರ್ಚಿಗೆ ಸಿಕ್ತು. ಒಂದೇ ಚರ್ಚು ಕ್ಯಾಥೆಡ್ರಲ್ಲೂ ಬೆಸಿಲಿಕಾನೂ ಆಗಿರಬಹುದು, ಚೆನ್ನೈನ ಸಾಂತೋಮ್ ಹಂಗೆ. ಮತ್ತೆ ಬೆಸಿಲಿಕಾ ಆದ್ರೂ ಪ್ಯಾರಿಶ್ ಕೆಲಸ ನಿಲ್ಲಲ್ಲ. ಶಿವಾಜಿನಗರದ ಅದೇ ಆಫೀಸಲ್ಲಿ ಅದೇ ದಪ್ಪ ಪುಸ್ತಕ, ಅದೇ ದೀಕ್ಷಾಸ್ನಾನ, ಮದುವೆ.

ಹಬ್ಬದ ದಿನಗಳು

ಸೆಪ್ಟೆಂಬರ್ 8 ಮರಿಯಮ್ಮ ಹುಟ್ಟಿದ ದಿನ ಅಂತ ಆಚರಣೆ. ಮಂಗಳೂರು ಕಡೆ ಕೊಂಕಣಿ ಕ್ಯಾಥೊಲಿಕರು ಅದೇ ದಿನ ಹೊಸ ತೆನೆ ತಂದು ಮೊಂತಿ ಫೆಸ್ತ್ ಮಾಡ್ತಾರೆ. ಶಿವಾಜಿನಗರದಲ್ಲಿ ಆಗಸ್ಟ್ 29ಕ್ಕೆ ಧ್ವಜ ಏರಿಸ್ತಾರೆ, ಆಮೇಲೆ ನೊವೇನಾ. ನೊವೇನಾ ಅಂದ್ರೆ ಒಂಬತ್ತು ದಿನದ ಪ್ರಾರ್ಥನೆ, ಲ್ಯಾಟಿನ್ನಲ್ಲಿ ನೊವೆಮ್ ಅಂದ್ರೆ ಒಂಬತ್ತು, ನಮ್ಮ ನವ ಅದರ ನೆಂಟನೇ. ಮಾತೆಯ ವಿಗ್ರಹಕ್ಕೆ ಸೀರೆ ಉಡಿಸ್ತಾರೆ. ಹರಕೆ ಹೊತ್ತವರು ಕಾವಿ ಬಣ್ಣದ ಬಟ್ಟೆ ಹಾಕೊಂಡು ಬರ್ತಾರೆ, ಹೊಸಬರು ನೋಡಿದ್ರೆ ಇದ್ಯಾವ ದೇವಸ್ಥಾನದ ಜಾತ್ರೆ ಅನ್ಕೋಬೇಕು. ಹಿಂದೂಗಳು, ಮುಸ್ಲಿಮರೂ ಬರ್ತಾರೆ. ಕೊನೇ ದಿನ ಸಂಜೆ ತೇರು.

ಒಂದು ವರ್ಷ ನಾನು ತೇರು ನೋಡೋಕೆ ಹೋಗಿದ್ದೆ, ಗಲ್ಲಿ ತುದೀಲಿ ನಿಂತಿದ್ದೆ. ತೇರಿನ ಮುಂದೆ ನಾಲ್ಕೈದು ಹುಡುಗರು ಉದ್ದ ಬಿದಿರಿನ ಗಳ ಹಿಡಿದು, ಅಡ್ಡ ಬರೋ ಕೇಬಲ್ ವೈರ್‌ಗಳನ್ನ ಒಂದೊಂದೇ ಎತ್ತಿ ಹಿಡೀತಾ ಹೋಗ್ತಿದ್ರು. ಪಕ್ಕದಲ್ಲಿ ಮೇಣದಬತ್ತಿ ಮಾರೋ ಅಜ್ಜಿ, ಉರಿದು ಕರಗಿ ನೆಲಕ್ಕೆ ಅಂಟಿದ್ದ ಮೇಣವನ್ನ ಚಮಚದಲ್ಲಿ ಕೆರೆದು ಡಬ್ಬಕ್ಕೆ ತುಂಬ್ಕೊಳ್ತಿದ್ರು. "ಏನ್ಮಾಡ್ತೀರ ಅಜ್ಜಿ ಇದನ್ನ?" ಅಂದೆ. "ತೂಕಕ್ಕೆ ಹಾಕ್ತೀನಿ ಕಣಪ್ಪ, ಮತ್ತೆ ಬತ್ತಿ ಮಾಡ್ತಾರೆ," ಅಂದ್ರು.

ನೆಲದ ಕೆಳಗಿನ ಸ್ಟೇಷನ್ನು

ಇನ್ನು ಮೆಟ್ರೋ. ಕಾಳೇನ ಅಗ್ರಹಾರದಿಂದ ನಾಗವಾರದವರೆಗಿನ ಪಿಂಕ್ ಲೈನ್ ಸುಮಾರು 21 ಕಿಲೋಮೀಟರ್, ಅದ್ರಲ್ಲಿ ಡೇರಿ ಸರ್ಕಲ್ಲಿಂದ ನಾಗವಾರದ ತನಕ ಸುರಂಗ. ಈ ಕಡೆಯ ಗಲ್ಲಿ ನೋಡಿದವರಿಗೆ ಯಾಕೆ ಸುರಂಗ ಅಂತ ಹೇಳಬೇಕಾಗಿಲ್ಲ, ಮೇಲೆ ಪಿಲ್ಲರ್ ಹಾಕೋಕೆ ಜಾಗ ಎಲ್ಲಿದೆ? ಊರ್ಜಾ ಅನ್ನೋ ಸುರಂಗ ಕೊರೆಯೋ ಮಷೀನು ಕಂಟೋನ್ಮೆಂಟ್ ಕಡೆಯಿಂದ ಕೊರೀತಾ 2021ರ ಸೆಪ್ಟೆಂಬರಲ್ಲಿ ಶಿವಾಜಿನಗರದಲ್ಲಿ ಹೊರಬಂತು. ಹೆಸರಿನ ಚರ್ಚೆ ಎದ್ದಿದ್ದು ಆ ಸ್ಟೇಷನ್ನಿಗೇ.

ಇಷ್ಟನ್ನೂ ಚಿಕ್ಕದು ಮಾಡಿ ಫ್ಯಾಮಿಲಿ ಗ್ರೂಪಿಗೆ ಹಾಕಿದೆ. ಫ್ರೆಂಚರು, ಸೆಂಜಿ, ಪ್ಲೇಗು, ಛತ್ರಿ, ಎಲ್ಲ. ಅರ್ಧ ಗಂಟೆ ಆದ್ಮೇಲೆ ಚಿಕ್ಕಪ್ಪನ ರಿಪ್ಲೈ ಬಂತು: "ಸರಿ ಸರಿ. ಈ ಸಲ ಹಬ್ಬಕ್ಕೆ ಹೋಗೋಣ. ಗಾಡಿ ಎಲ್ಲಿ ನಿಲ್ಸೋದು?"